ದೊಡ್ಡ ಮಾದರಿ ಹೆಲಿಕಾಪ್ಟರಿನ ಆಯ್ಕೆ: ಬೆಲೆ, ಬಾಳಿಕೆ, ಎಚ್ಚರ

ಶಾಲೆಯ ವಿಜ್ಞಾನ ಸಂಘಕ್ಕೆ ಬೆಲೆಬಾಳುವ ಉಪಕರಣವೊಂದನ್ನು ಕಾಣಿಕೆಯಾಗಿ ಕೊಡಬೇಕೆಂಬ ದಾನಿಗಳ ಸದಿಚ್ಛೆ ಹಿಂದೆ ದೂರದರ್ಶಕ, ಸೂಕ್ಷ್ಮದರ್ಶಕಗಳಲ್ಲಿ ತೃಪ್ತಿ ಪಡೆಯುತ್ತಿತ್ತು. ಈಗ ಅದು ಆಕಾಶಕ್ಕೆ ಏರಿದೆ. ರೇಡಿಯೋ ತರಂಗಗಳಿಂದ ನಡೆಸಬಹುದಾದ ಮಾದರಿ ಹೆಲಿಕಾಪ್ಟರನ್ನು, ಅದರಲ್ಲಿಯೂ ಮಕ್ಕಳ ಕಣ್ಣು ತುಂಬುವಂತಹ ದೊಡ್ಡದೊಂದನ್ನು, ಕೊಡಿಸಬೇಕೆಂಬ ಮಾತು ಕೇಳಿಬರುವುದುಂಟು. ಮಾತು ಒಳ್ಳೆಯದೇ. ಆದರೆ ಕೊಡುವವರಿಗೂ ಕೊಳ್ಳುವವರಿಗೂ ಈ ವಸ್ತುವಿನ ಸ್ವರೂಪ ತಿಳಿಯದೆ ಹೋದರೆ ಹಣವು ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಆಗುವ ಸಂಭವವೂ ಇಲ್ಲದಿಲ್ಲ.

ಮೊದಲು ಪದದ ವಿಚಾರ. ಹೆಲಿಕಾಪ್ಟರ್ ಎಂಬುದನ್ನು ಜನರು 'ಹೆಲಿ' ಮತ್ತು 'ಕಾಪ್ಟರ್' ಎಂದು ಒಡೆಯುತ್ತಾರೆ. ಪದಚ್ಛೇದ ಅಲ್ಲಿಲ್ಲ. ಗ್ರೀಕ್ ಭಾಷೆಯಲ್ಲಿ 'ಹೆಲಿಕ್ಸ್' ಎಂದರೆ ಸುರುಳಿ, 'ಪ್ಟೆರಾನ್' ಎಂದರೆ ರೆಕ್ಕೆ. ಇವೆರಡನ್ನೂ ಜೋಡಿಸಿ 1861ರಲ್ಲಿ ಫ್ರಾನ್ಸಿನ ಪಾಂತಾಂ ದಾಮೆಕೂರ್ ಎಂಬಾತ ಈ ಹೆಸರನ್ನು ನಿರ್ಮಿಸಿದನು. ಹಾಗಾಗಿ ಇದು 'ಸುರುಳಿರೆಕ್ಕೆ'. ತಪ್ಪಾಗಿ ಒಡೆದ 'ಕಾಪ್ಟರ್' ಈಗ ಸ್ವತಂತ್ರ ಪದವಾಗಿಯೇ ಓಡಾಡುತ್ತಿದೆ. ಬಳಕೆಯ ಮುಂದೆ ವ್ಯಾಕರಣ ಸೋಲುವುದು ಎಲ್ಲ ಭಾಷೆಗಳಿಗೂ ಸಮಾನವಾದ ಕಥೆ.

ಮಾದರಿ ಹೆಲಿಕಾಪ್ಟರ್ ಕೇವಲ ಆಟಿಕೆಯಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ಅಮೆರಿಕದ ಆರ್ಥರ್ ಯಂಗ್ ಎಂಬಾತ ಅನೇಕ ವರ್ಷಗಳ ಕಾಲ ಸಣ್ಣ ಮಾದರಿಗಳನ್ನೇ ಕಟ್ಟಿ, ಬೀಳಿಸಿ, ಮತ್ತೆ ಕಟ್ಟಿ ಪ್ರಯೋಗ ನಡೆಸಿದನು. 1941ರಲ್ಲಿ ಬೆಲ್ ವಿಮಾನ ಸಂಸ್ಥೆಯವರ ಮುಂದೆ ಆತ ಪ್ರದರ್ಶಿಸಿದ್ದು ವಿದ್ಯುತ್ತಿನಿಂದ ಹಾರುವ ಒಂದು ಮಾದರಿಯನ್ನು. ಅದರಿಂದ ಹುಟ್ಟಿದ ಬೆಲ್ 47 ಎಂಬ ಯಂತ್ರಕ್ಕೆ 1946ರಲ್ಲಿ ನಾಗರಿಕ ಬಳಕೆಯ ಪರವಾನಗಿ ದೊರೆಯಿತು. ಹೀಗೆ ಮಾದರಿಯು ಮುಂದೆ, ನಿಜವಾದದ್ದು ಹಿಂದೆ. ರೇಡಿಯೋ ತರಂಗದಿಂದ ನೆಚ್ಚಿಕೆಯಾಗಿ ಹಾರಿಸಬಲ್ಲ ಮಾದರಿ ಮಾತ್ರ ತಡವಾಗಿ ಬಂತು. 1970ರ ಸುಮಾರಿಗೆ ಜರ್ಮನಿಯ ಡೀಟರ್ ಷ್ಲೂಟರ್ ಅದನ್ನು ಸಾಧಿಸಿದನು. ಜಪಾನಿನಲ್ಲಿ ಯಮಹಾ ಸಂಸ್ಥೆ 1987ರಲ್ಲಿ ಆರ್-50 ಎಂಬ ದೊಡ್ಡ ಯಂತ್ರವನ್ನು ಸಿದ್ಧಪಡಿಸಿ ಬತ್ತದ ಗದ್ದೆಗಳಿಗೆ ಔಷಧಿ ಸಿಂಪಡಿಸುವ ಕೆಲಸಕ್ಕೆ ಹಚ್ಚಿತು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ 'ಧ್ರುವ' 1992ರಲ್ಲಿ ಮೊದಲ ಬಾರಿಗೆ ಹಾರಿತು. ಅದೇ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಗೊಂಡಿತು. ಆದ್ದರಿಂದ ಕನ್ನಡ ನಾಡಿನ ವಿದ್ಯಾರ್ಥಿಗೆ ಈ ವಿದ್ಯೆ ಪರದೇಶದ್ದೆಂದು ದೂರವಿಡಬೇಕಾದ ಕಾರಣವಿಲ್ಲ.

ಇನ್ನು 'ದೊಡ್ಡದು' ಎಂದರೇನು? ಮೋಸಹೋಗುವುದು ಇಲ್ಲಿಯೇ. ಅಂಗಡಿಗಳಲ್ಲಿ ಒಂದು ಮೀಟರಿಗೂ ಮೀರಿದ ಉದ್ದದ, ಮಿರುಗುವ ಲೋಹದ ಚೌಕಟ್ಟಿನ ಹೆಲಿಕಾಪ್ಟರುಗಳು ಕೆಲವೇ ಸಾವಿರ ರೂಪಾಯಿಗಳಿಗೆ ಸಿಗುತ್ತವೆ. ಇವುಗಳಲ್ಲಿ ಒಂದರ ಮೇಲೊಂದು ಎರಡು ಚಕ್ರಗಳು ಎದುರುಬದುರಾಗಿ ತಿರುಗುತ್ತವೆ. ಅಲಗುಗಳ ಓರೆ ಬದಲಾಗುವುದಿಲ್ಲ. ಮೋಟಾರಿನ ವೇಗ ಹೆಚ್ಚಿದರೆ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಗಾಳಿಯಿಲ್ಲದ ಸಭಾಂಗಣದಲ್ಲಿ ಇದು ಸಾಧುಪ್ರಾಣಿ. ಬಯಲಿಗೆ ಬಂದರೆ ಸಣ್ಣ ಗಾಳಿಗೂ ಇದರ ಪಾಡು ಗಾಳಿಗೆ ಸಿಕ್ಕ ತರಗೆಲೆಯ ಪಾಡು. ಉದ್ದವನ್ನು ನೋಡಿ ಇದನ್ನು ದೊಡ್ಡ ಯಂತ್ರವೆಂದು ಭಾವಿಸುವುದು ಎತ್ತರ ನೋಡಿ ವಯಸ್ಸು ಹೇಳಿದಂತೆ.

ನಿಜವಾದ ಮಾದರಿ ಹೆಲಿಕಾಪ್ಟರಿನಲ್ಲಿ ಚಕ್ರದ ವೇಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ; ಬದಲಾಗುವುದು ಅಲಗಿನ ಓರೆ. ತಿರುಗುತ್ತಿರುವ ಛಾವಣಿ ಪಂಖದ ಅಲಗುಗಳನ್ನೆಲ್ಲ ಏಕಕಾಲಕ್ಕೆ ಸ್ವಲ್ಪ ಹೆಚ್ಚು ಓರೆಮಾಡಿದರೆ ಗಾಳಿ ಹೆಚ್ಚು ತಳ್ಳಲ್ಪಡುವುದಷ್ಟೆ? ಅದೇ ತತ್ತ್ವದಿಂದ ಯಂತ್ರ ಏರುತ್ತದೆ. ಎಲ್ಲ ಅಲಗುಗಳನ್ನೂ ಸಮನಾಗಿ ಓರೆಮಾಡದೆ, ಪ್ರತಿಯೊಂದು ಅಲಗೂ ಸುತ್ತಿನ ಒಂದು ಭಾಗದಲ್ಲಿ ಹೆಚ್ಚು ಓರೆಯನ್ನೂ ಎದುರು ಭಾಗದಲ್ಲಿ ಕಡಿಮೆ ಓರೆಯನ್ನೂ ಪಡೆಯುವಂತೆ ಮಾಡಿದರೆ ಯಂತ್ರ ಆಯಾ ದಿಕ್ಕಿಗೆ ಬಾಗಿ ಚಲಿಸುತ್ತದೆ. ಈ ಎರಡು ಕಾರ್ಯಗಳನ್ನೂ ಚಕ್ರದ ಕೆಳಗಿರುವ 'ಸ್ವಾಷ್ ಪ್ಲೇಟ್' ಎಂಬ ತಟ್ಟೆಯೊಂದು ನಡೆಸುತ್ತದೆ. ಅದನ್ನು ಎತ್ತಿ, ಇಳಿಸಿ, ಬಾಗಿಸಲು 'ಸರ್ವೋ' ಎಂಬ ಮೂರು ಪುಟ್ಟ ಮೋಟಾರುಗಳು. ಬಾಲದ ಚಕ್ರದ ಓರೆಗೆ ನಾಲ್ಕನೆಯದು. ಮುಖ್ಯ ಚಕ್ರ ಒಂದು ಕಡೆಗೆ ತಿರುಗಿದರೆ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹೊರಡುತ್ತದೆ; ಬಾಲದ ಚಕ್ರ ಅದನ್ನು ತಡೆದು ನಿಲ್ಲಿಸುತ್ತದೆ. ಹಿಂದೆ ಸ್ಥಿರತೆಗಾಗಿ ಮುಖ್ಯ ಚಕ್ರಕ್ಕೆ ಅಡ್ಡಲಾಗಿ ತೂಕದ ದಂಡವೊಂದಿರುತ್ತಿತ್ತು. 2010ರ ಆಚೀಚೆ ಆ ದಂಡ ಮಾಯವಾಗಿ, ಅದರ ಕೆಲಸವನ್ನು ಬೆಂಕಿಪೊಟ್ಟಣದಷ್ಟು ಗಾತ್ರದ ವಿದ್ಯುನ್ಮಾನ ಪೆಟ್ಟಿಗೆ ವಹಿಸಿಕೊಂಡಿತು. ಭೌತಶಾಸ್ತ್ರದ ಅಧ್ಯಾಪಕರಿಗೆ ಇಷ್ಟರಲ್ಲಿಯೇ ಒಂದು ತಿಂಗಳ ಪಾಠವಿದೆ.

ಇಂತಹ ಯಂತ್ರಗಳನ್ನು ಅಲಗಿನ ಉದ್ದದಿಂದ ಗುರುತಿಸುವುದು ವಾಡಿಕೆ. 600ರ ವರ್ಗವೆಂದರೆ ಒಂದೊಂದು ಅಲಗೂ ಸುಮಾರು 600 ಮಿಲಿಮೀಟರ್. 700 ಎಂದರೆ ಸುಮಾರು 700 ಮಿಲಿಮೀಟರ್. 450 ಎಂಬ ಜನಪ್ರಿಯ ವರ್ಗ ಈ ನಿಯಮಕ್ಕೆ ಅಪವಾದ. ಅದರ ಅಲಗು 325 ಮಿಲಿಮೀಟರ್ ಮಾತ್ರ. 700ರ ಯಂತ್ರದ ಚಕ್ರದ ವ್ಯಾಸ 1.58 ಮೀಟರಿನಷ್ಟು, ಬ್ಯಾಟರಿ ಸಹಿತ ತೂಕ 5 ಕಿಲೋಗ್ರಾಮಿನ ಆಸುಪಾಸು. ಗಾತ್ರ ಹೆಚ್ಚಿದಷ್ಟೂ ಹಾರಾಟ ಗಂಭೀರವಾಗುತ್ತದೆ. ಚಿಕ್ಕದು ನೊಣದಂತೆ ಚಡಪಡಿಸುವಲ್ಲಿ ದೊಡ್ಡದು ಗರುಡನಂತೆ ನಿಲ್ಲುತ್ತದೆ. ದೂರಕ್ಕೆ ಹೋದರೂ ಮೂತಿ ಯಾವುದು, ಬಾಲ ಯಾವುದು ಎಂಬುದು ಕಣ್ಣಿಗೆ ಸ್ಪಷ್ಟ. ಮೋಟಾರು ಕೈಕೊಟ್ಟರೂ ಭಾರವಾದ ಅಲಗುಗಳಲ್ಲಿ ಸಂಚಿತವಾಗಿರುವ ಶಕ್ತಿಯನ್ನೇ ಬಳಸಿ, ನುರಿತವನು ಅದನ್ನು ಮೆಲ್ಲಗೆ ನೆಲಕ್ಕಿಳಿಸಬಲ್ಲನು.

ಆ ಸಂಚಿತ ಶಕ್ತಿಯೇ ಅಪಾಯದ ಮೂಲವೂ ಹೌದು. 700ರ ಚಕ್ರ ನಿಮಿಷಕ್ಕೆ 2000 ಸುತ್ತು ತಿರುಗಿದಾಗ ಅಲಗಿನ ತುದಿಯ ವೇಗ ಸೆಕೆಂಡಿಗೆ ಸುಮಾರು 165 ಮೀಟರ್, ಎಂದರೆ ಗಂಟೆಗೆ ಹತ್ತಿರ ಹತ್ತಿರ 600 ಕಿಲೋಮೀಟರ್. ಇನ್ನೂರು ಗ್ರಾಮಿನಷ್ಟು ತೂಗುವ ಒಂದೊಂದು ಅಲಗೂ ಆಗ ಮುನ್ನೂರು ಕಿಲೋಗ್ರಾಮಿಗೂ ಮೀರಿದ ಭಾರ ತೂಗುಹಾಕಿದಷ್ಟು ಬಲದಿಂದ ಹೊರಗಡೆಗೆ ಎಳೆಯುತ್ತಿರುತ್ತದೆ. ಆ ಎಳೆತವನ್ನು ತಡೆದಿರುವುದು ಕೆಲವು ಸಣ್ಣ ತಿರುಪುಗಳು ಮತ್ತು ಬೆರಳಿಗಿಂತ ತೆಳುವಾದ ಒಂದು ಉಕ್ಕಿನ ಕಡ್ಡಿ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಉದ್ಯಾನವೊಂದರಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬ ತನ್ನದೇ ಮಾದರಿ ಹೆಲಿಕಾಪ್ಟರಿನ ಅಲಗು ತಗುಲಿ ಸ್ಥಳದಲ್ಲಿಯೇ ಮೃತಪಟ್ಟನು. ಆತ ಹಾರಿಸುವುದರಲ್ಲಿ ಹೊಸಬನಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಈ ಹಿನ್ನೆಲೆಯಲ್ಲಿ 'ಬೆಲೆಗೆ ತಕ್ಕದ್ದು' ಎಂಬುದರ ಅರ್ಥವನ್ನು ವಿಚಾರಿಸೋಣ. ಜಾಹೀರಾತಿನಲ್ಲಿ ಕಾಣುವ ಬೆಲೆ ಬಹುಮಟ್ಟಿಗೆ ಬಿಡಿಭಾಗಗಳ ಪೆಟ್ಟಿಗೆಯದು ಮಾತ್ರ. ಮೋಟಾರು, ವೇಗನಿಯಂತ್ರಕ, ನಾಲ್ಕು ಸರ್ವೋಗಳು, ಸ್ಥಿರತೆಯ ಪೆಟ್ಟಿಗೆ, ಗ್ರಾಹಕ, ಕೈಯಲ್ಲಿ ಹಿಡಿಯುವ ಪ್ರೇಷಕ, ಬ್ಯಾಟರಿಗಳು, ಅವನ್ನು ತುಂಬುವ ಚಾರ್ಜರ್, ಇವೆಲ್ಲ ಸೇರಿದಾಗ ಖರ್ಚು ಮೂಲ ಪೆಟ್ಟಿಗೆಯ ಬೆಲೆಯ ಇಮ್ಮಡಿಯಾಗುವುದು ಅಪರೂಪವಲ್ಲ. 700ರ ಯಂತ್ರವೊಂದು ಹಾರಲು ಸಿದ್ಧವಾಗುವ ವೇಳೆಗೆ ಲೆಕ್ಕ ಲಕ್ಷ ರೂಪಾಯಿಗಳನ್ನು ದಾಟಿರುತ್ತದೆ. ದಾನಿಗಳು ಪೆಟ್ಟಿಗೆಯನ್ನು ಕೊಡಿಸಿ, ಉಳಿದುದನ್ನು ಶಾಲೆಯೇ ನೋಡಿಕೊಳ್ಳಲಿ ಎಂದರೆ ಅದು ಹಸುವನ್ನು ಕೊಟ್ಟು ಹುಲ್ಲನ್ನು ಮರೆತಂತೆ.

ಆಮೇಲಿನದು ಬಿದ್ದಾಗಿನ ಖರ್ಚು. ಹೆಲಿಕಾಪ್ಟರು ಬಿದ್ದೇ ಬೀಳುತ್ತದೆ. ಬಿದ್ದರೆ ಅಲಗುಗಳು, ಮುಖ್ಯ ದಂಡ, ತಲೆಯ ಒಳಗಿನ ಕಡ್ಡಿ, ಬಾಲದ ಕೊಳವೆ, ದೊಡ್ಡ ಹಲ್ಲುಚಕ್ರ, ಇಷ್ಟಂತೂ ಹೋದಂತೆಯೇ. ಆದುದರಿಂದ ಕೊಳ್ಳುವ ಮುನ್ನ ಯಂತ್ರದ ಬೆಲೆಯನ್ನಲ್ಲ, ಈ ಐದಾರು ಭಾಗಗಳ ಬೆಲೆಯನ್ನು ಕೂಡಿಸಿ ನೋಡಬೇಕು. ಅವು ದೇಶದೊಳಗೇ ಸಿಗುವುವೇ, ಎಷ್ಟು ದಿನಗಳಲ್ಲಿ ಸಿಗುವುವು ಎಂದು ಕೇಳಬೇಕು. ಬಿಡಿಭಾಗ ದೊರೆಯದ ಉತ್ತಮ ಯಂತ್ರಕ್ಕಿಂತ ದೊರೆಯುವ ಸಾಧಾರಣ ಯಂತ್ರ ಮೇಲು. ತೈವಾನಿನ ಅಲೈನ್ ಸಂಸ್ಥೆಯ ಟಿ-ರೆಕ್ಸ್, ಇಟಲಿಯ ಎಸ್.ಎ.ಬಿ.ಯ ಗಾಬ್ಲಿನ್, ಜರ್ಮನಿಯ ಮಿಕಾಡೋ ಸಂಸ್ಥೆಯ ಲೋಗೋ ಹೆಸರಾದವುಗಳು. ಟಿ-ರೆಕ್ಸಿನ ವೈಶಿಷ್ಟ್ಯವೆಂದರೆ ಅದರ ಚಿಕ್ಕ ಮಾದರಿಗಳನ್ನು ಚೀನಾದ ಅನೇಕ ತಯಾರಕರು ಯಥಾವತ್ತಾಗಿ ಅನುಕರಿಸಿ, ಒಂದರ ಭಾಗ ಇನ್ನೊಂದಕ್ಕೆ ಹೊಂದುವಂತೆ ಮಾಡಿಬಿಟ್ಟರು. 450ರ ವರ್ಗದಲ್ಲಿ ಈ ಅನುಕರಣೆಗಳಿಂದ ಬಡ ಹವ್ಯಾಸಿಗಳಿಗೆ ಉಪಕಾರವೇ ಆಯಿತು. ಆದರೆ ಮೇಲೆ ಹೇಳಿದ ಮುನ್ನೂರು ಕಿಲೋಗ್ರಾಮಿನ ಎಳೆತವನ್ನು ನೆನೆದರೆ, ದೊಡ್ಡ ಯಂತ್ರದ ಅಲಗು, ತಲೆಯ ಕಡ್ಡಿ, ಬೇರಿಂಗುಗಳಲ್ಲಿ ಉಳಿತಾಯ ಹುಡುಕುವುದು ವಿವೇಕವಲ್ಲ. ಉಳಿಸಲು ಬೇರೆ ಎಡೆಗಳಿವೆ. ಹೊಳೆಯುವ ಲೋಹದ ಅಲಂಕಾರದ ಭಾಗಗಳನ್ನು ಬಿಡಬಹುದು. ನಿಜವಾದ ಹೆಲಿಕಾಪ್ಟರಿನಂತೆ ಕಾಣುವ ಬಣ್ಣದ ಕವಚವನ್ನು ಬಿಡಬಹುದು. ಅದು ತೂಕವನ್ನು ಹೆಚ್ಚಿಸಿ, ಒಂದೇ ಪತನದಲ್ಲಿ ಚೂರಾಗುತ್ತದೆ. ಬಾಲಕ್ಕೆ ಶಕ್ತಿ ಒಯ್ಯಲು ದಂಡಕ್ಕೆ ಬದಲಾಗಿ ಹಲ್ಲುಪಟ್ಟಿಯಿರುವ ಯಂತ್ರವನ್ನು ಆರಿಸಬಹುದು. ಬಾಲ ನೆಲಕ್ಕೆ ತಾಗಿದಾಗ ಅದು ಹಲ್ಲುಚಕ್ರಗಳನ್ನು ಅಷ್ಟಾಗಿ ಬಲಿಕೊಡುವುದಿಲ್ಲ.

ಶಾಲೆಗಾದರೆ 700 ಬೇಕಾಗಿಯೇ ಇಲ್ಲ. ಅದು ಹನ್ನೆರಡು ಕೋಶಗಳ, 44.4 ವೋಲ್ಟಿನ ಬ್ಯಾಟರಿಯನ್ನು ಬೇಡುತ್ತದೆ. ಬಿರುಸಾಗಿ ಹಾರಿಸಿದರೆ 100 ಆಂಪಿಯರಿನಷ್ಟು ವಿದ್ಯುತ್ತನ್ನು, ಎಂದರೆ ಐದಾರು ಅಶ್ವಶಕ್ತಿಯನ್ನು, ನುಂಗುತ್ತದೆ. ಇಷ್ಟೆಲ್ಲ ಆಗಿ ಹಾರಾಟ ಐದರಿಂದ ಎಂಟು ನಿಮಿಷ. 550ರ ವರ್ಗದಲ್ಲಿ ಆರು ಕೋಶಗಳ ಬ್ಯಾಟರಿಯಿಂದಲೇ ನಡೆಯುವ ಯಂತ್ರಗಳಿವೆ. ಬ್ಯಾಟರಿಯ ಬೆಲೆಯೂ ಚಾರ್ಜರಿನ ಬೆಲೆಯೂ ಅಲ್ಲಿ ಸಾಕಷ್ಟು ಇಳಿಯುತ್ತವೆ. ಬಯಲಿನಲ್ಲಿ ನಿಂತು ನೋಡುವವರಿಗೆ ದೊಡ್ಡದನ್ನು ಕಂಡ ತೃಪ್ತಿಗೆ ಕೊರತೆಯಿಲ್ಲ. ಬೆಲೆಗೆ ತಕ್ಕ ಆಯ್ಕೆ ಎಂದು ನಿಸ್ಸಂಶಯವಾಗಿ ಹೇಳಬಹುದಾದದ್ದು ಇದು. ಮೆಥನಾಲ್ ಇಂಧನದ ಎಂಜಿನ್ನಿನ ಯಂತ್ರಗಳೂ ಉಂಟು. ಹೊಗೆ, ಎಣ್ಣೆ, ಸದ್ದು ಇವುಗಳ ಜೊತೆಗೆ ಎಂಜಿನ್ನನ್ನು ಹದಗೊಳಿಸುವ ಕಲೆಯೂ ಬೇಕಾಗುವುದರಿಂದ ಶಾಲೆಗೆ ಅವು ಸಲ್ಲವು.

ಒಬ್ಬರು ಬಳಸಿದ ಯಂತ್ರ ಅರ್ಧ ಬೆಲೆಗೆ ಸಿಗುವುದುಂಟು. ಅಂತಹುದನ್ನು ನೋಡುವಾಗ ಅಲಗಿನಲ್ಲಿ ಕೂದಲೆಳೆಯ ಬಿರುಕಿದೆಯೇ, ಚಕ್ರದ ತಲೆಯನ್ನು ಹಿಡಿದು ಅಲುಗಿಸಿದರೆ ಸಡಿಲವಿದೆಯೇ, ಮುಖ್ಯ ದಂಡವನ್ನು ಕೈಯಿಂದ ತಿರುಗಿಸಿದಾಗ ಓಲಾಡುವುದೇ, ಹಲ್ಲುಚಕ್ರದ ಹಲ್ಲುಗಳು ಸವೆದಿವೆಯೇ ಎಂದು ಪರೀಕ್ಷಿಸಬೇಕು. ಜೊತೆಗೆ ಬರುವ ಹಳೆಯ ಬ್ಯಾಟರಿಗಳಿಗೆ ಮೌಲ್ಯವನ್ನೇ ಕಟ್ಟಬಾರದು. ತಯಾರಿಕೆ ನಿಂತುಹೋದ ಯಂತ್ರ ಎಷ್ಟೇ ಅಗ್ಗವಾಗಿರಲಿ, ಅದನ್ನು ಪ್ರಯೋಗಾಲಯದ ಮೇಜಿನ ಮೇಲೆ ಬಿಚ್ಚಿ ತೋರಿಸಲಷ್ಟೇ ಕೊಳ್ಳಬೇಕು. ಹಾಗೆ ಕೊಂಡರೂ ನಷ್ಟವಿಲ್ಲ. ಸ್ವಾಷ್ ಪ್ಲೇಟಿನ ಲೀಲೆಯನ್ನು ಕೈಯಲ್ಲಿ ಹಿಡಿದು ನೋಡಿದ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ.

ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು ಹಾರಿಸುವವನು ಯಾರು ಎಂಬುದು ಇತ್ಯರ್ಥವಾಗಬೇಕು. ಮೂತಿ ತನ್ನ ಕಡೆಗೆ ತಿರುಗಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ; ಈ ಒಂದು ಗೊಂದಲವನ್ನು ಗೆಲ್ಲಲು ತಿಂಗಳುಗಳ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ಗಣಕಯಂತ್ರದ ಪರದೆಯ ಮೇಲೆ ಹಾರಿಸುವ ಅನುಕರಣ ಸಾಧನವಿದೆ. ಅಲ್ಲಿ ನೂರು ಸಲ ಬಿದ್ದರೂ ಕಾಸು ಖರ್ಚಿಲ್ಲ. ಒಟ್ಟು ಹಣದಲ್ಲಿ ಮೊದಲ ಪಾಲು ಅದಕ್ಕೂ, ಎರಡನೆಯ ಪಾಲು ಚಿಕ್ಕದೊಂದು ಯಂತ್ರಕ್ಕೂ ಸಂದು, ಒಬ್ಬ ಅಧ್ಯಾಪಕರೂ ಒಂದಿಬ್ಬರು ಹಿರಿಯ ವಿದ್ಯಾರ್ಥಿಗಳೂ ಕೈ ಪಳಗಿಸಿಕೊಂಡ ಮೇಲೆ ದೊಡ್ಡದನ್ನು ತರುವುದು ಕ್ರಮ. ಆಪತ್ತಿನಲ್ಲಿ ಒಂದು ಗುಂಡಿ ಒತ್ತಿದರೆ ಯಂತ್ರವನ್ನು ತಾನಾಗಿಯೇ ನೇರಗೊಳಿಸಿ ಮೇಲೆತ್ತುವ ಸೌಲಭ್ಯ ಈಚಿನ ಸ್ಥಿರತೆಯ ಪೆಟ್ಟಿಗೆಗಳಲ್ಲಿದೆ. ಅದಕ್ಕೆ ಕೊಡುವ ಹೆಚ್ಚಿನ ಹಣ ಮೊದಲ ಪತನ ತಪ್ಪಿದಾಗಲೇ ಮರಳಿ ಬರುತ್ತದೆ.

ಸರ್ಕಾರದ ನಿಯಮಗಳನ್ನೂ ಅರಿಯಬೇಕು. 2021ರ ಆಗಸ್ಟಿನಲ್ಲಿ ಹೊರಬಂದ ಡ್ರೋನ್ ನಿಯಮಾವಳಿಯಲ್ಲಿ 2 ಕಿಲೋಗ್ರಾಮಿಗೆ ಮೇಲ್ಪಟ್ಟು 25 ಕಿಲೋಗ್ರಾಮಿನವರೆಗಿನ ಚಾಲಕರಹಿತ ವಿಮಾನಗಳನ್ನು 'ಸಣ್ಣ' ವರ್ಗಕ್ಕೆ ಸೇರಿಸಲಾಯಿತು. ಹವ್ಯಾಸಿಗಳ 'ದೊಡ್ಡದು' ಕಾನೂನಿಗೆ 'ಸಣ್ಣದು'. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ನಕ್ಷೆಯೂ ಬಂತು. ಶಾಲೆಯ ಬಯಲು ಯಾವ ಬಣ್ಣದಲ್ಲಿದೆ, ನೋಂದಣಿ ಬೇಕೇ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಮಠದ ಉತ್ಸವಗಳಲ್ಲಿ, ಅಡ್ಡಪಲ್ಲಕ್ಕಿಯ ಮೇಲೆ ಪುಷ್ಪವೃಷ್ಟಿ ಮಾಡಿಸಬಹುದಲ್ಲವೆ ಎಂಬ ಭಕ್ತಿಯ ಆಲೋಚನೆ ಯಾರಿಗಾದರೂ ಬರುವುದು ಸಹಜ. ಅದಕ್ಕೆ ಉತ್ತರ ಒಂದೇ: ಕೂಡದು. ಜನರ ನೆತ್ತಿಯ ಮೇಲೆ ಈ ಯಂತ್ರ ಎಂದಿಗೂ ಹಾರತಕ್ಕದ್ದಲ್ಲ. ವಾರ್ಷಿಕೋತ್ಸವದಲ್ಲಿ ಪ್ರದರ್ಶನವಿದ್ದರೂ ಮಕ್ಕಳೆಲ್ಲ ಹಾರಿಸುವವನ ಬೆನ್ನ ಹಿಂದೆ, ಹಗ್ಗ ಕಟ್ಟಿದ ಗೆರೆಯಾಚೆ, ದೂರದಲ್ಲಿ ನಿಲ್ಲಬೇಕು. ಯಂತ್ರ ಮುಂದಿನ ತೆರಪು ಬಯಲಿನಲ್ಲಿಯೇ ಇರಬೇಕು.

ಕಡೆಯದಾಗಿ ಬ್ಯಾಟರಿಯ ಪಾಲನೆ. ಲಿಥಿಯಂ ಪಾಲಿಮರ್ ಕೋಶವನ್ನು 4.2 ವೋಲ್ಟಿಗಿಂತ ಮೇಲೆ ತುಂಬಬಾರದು. ಹಾರಾಟವಿಲ್ಲದ ದಿನಗಳಲ್ಲಿ ಕೋಶವೊಂದಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡಬೇಕು. ಪೂರ್ತಿ ತುಂಬಿಟ್ಟರೂ ಪೂರ್ತಿ ಬರಿದುಮಾಡಿದರೂ ಅದು ಕೆಡುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲಾಗದು. ವಿದ್ಯುತ್ ತುಂಬುವಾಗ ಒಬ್ಬರು ಎದುರಿಗಿರಲೇಬೇಕು. ಅವುಗಳಿಗೆ ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಒಂದು ಬಕೆಟ್ಟು ಮರಳು, ವಿಜ್ಞಾನ ಅಧ್ಯಾಪಕರ ಕೈಯಲ್ಲಿ ಬೀಗದ ಕೈ. ಮಕ್ಕಳು ಮಲಗುವ ಪ್ರಸಾದ ನಿಲಯದ ಕೋಣೆಗಳಲ್ಲಂತೂ ಒಂದು ರಾತ್ರಿಯೂ ಅವು ಇರಬಾರದು.