ಬ್ರಾಯ್ಲರ್ ಕೋಳಿಗೆ ಹುಳುವಿನ ಊಟ

ಪ್ರಶ್ನೆ: ಮಾಂಸದ ಕೋಳಿಗೆ ಸೋಯಾ ಹಿಂಡಿಯ ಬದಲು ಹುಳು ತಿನ್ನಿಸಬಹುದಂತೆ. ನಿಜವೇ?

ಉತ್ತರ: ನಿಜ. ತಿಪ್ಪೆ ಕೆದಕುವ ನಾಟಿ ಕೋಳಿಯನ್ನೇ ನೋಡಿ. ಎರಡು ಸಲ ಕೆರೆದು, ಒಂದು ಹೆಜ್ಜೆ ಹಿಂದೆ ಸರಿದು, ಬೆಳ್ಳಗೆ ಹೊರಳುವ ಹುಳುವನ್ನು ಕುಕ್ಕಿ ಮರಿಗಳನ್ನು ಕೂಗಿ ಕರೆಯುತ್ತದೆ. ಹುಳು ಅದರ ಸಹಜ ಆಹಾರ. ಚೀಲದ ಮೇವು ಬಂದದ್ದು ಆಮೇಲೆ.

ಮೇವಿಗಾಗಿ ಈಗ ಹೆಚ್ಚಾಗಿ ಸಾಕುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳುವನ್ನು. ಹಣ್ಣು, ತರಕಾರಿಯ ಕಸ ತಿಂದು ಎರಡು-ಮೂರು ವಾರಗಳಲ್ಲೇ ಅದು ದಷ್ಟಪುಷ್ಟವಾಗುತ್ತದೆ. ಒಣಗಿಸಿದ ಹುಳುವಿನಲ್ಲಿ ಸುಮಾರು ಶೇ. 40 ಪ್ರೋಟೀನ್, ಶೇ. 30ರಷ್ಟು ಕೊಬ್ಬು. ಕೊಬ್ಬು ತೆಗೆದ ಪುಡಿಯಲ್ಲಿ ಪ್ರೋಟೀನ್ ಶೇ. 50 ದಾಟುತ್ತದೆ, ಸೋಯಾ ಹಿಂಡಿಯಲ್ಲಿ ಶೇ. 44ರಿಂದ 48. ಯುರೋಪಿಯನ್ ಒಕ್ಕೂಟ ಕೋಳಿ, ಹಂದಿಗಳ ಮೇವಿಗೆ ಇಂಥ ಪುಡಿಯನ್ನು 2021ರಲ್ಲಿ ಒಪ್ಪಿಕೊಂಡಿತು.

ಹಾಗೆಂದು ಸೋಯಾವನ್ನು ಪೂರ್ತಿ ಬಿಡುವುದು ಸರಿಯಲ್ಲ. ಹುಳುವಿನ ಹೊರಕವಚದ ಕೈಟಿನ್ ಸಲೀಸಾಗಿ ಅರಗುವುದಿಲ್ಲ, ಪ್ರಮಾಣ ಮಿತಿಮೀರಿದರೆ ಕೋಳಿಯ ತೂಕವೇ ಕುಗ್ಗುತ್ತದೆ. ಬೆಲೆಯೂ ಸದ್ಯಕ್ಕೆ ದುಬಾರಿ.

ನಮ್ಮ ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಹುಳುವಿನ ಪ್ಯೂಪಾ ಕೂಡ ಒಳ್ಳೆಯ ಪ್ರೋಟೀನ್. ಆದರೆ ಅದರ ಎಣ್ಣೆ ಬೇಗ ಕಮಟು ವಾಸನೆ ಹೊಡೆಯುತ್ತದೆ. ಹಸಿಯಾಗಿ ಎಂದೂ ಹಾಕಬೇಡಿ. ಚೆನ್ನಾಗಿ ಒಣಗಿಸಿ, ಎಣ್ಣೆ ತೆಗೆಸಿ, ಪಶುವೈದ್ಯರನ್ನು ಕೇಳಿಕೊಂಡು ಸ್ವಲ್ಪಸ್ವಲ್ಪವೇ ಬೆರೆಸಿ ನೋಡಿ.