ಯಂತ್ರದ ಓದು ಮತ್ತು ಸಂಗತಿಯ ನಿರ್ಣಯ

‘ಅಂಗಳಕ್ಕೆ ಶಹಾಬಾದು ಹಾಸಿದರು’ ಎಂಬ ಮಾತನ್ನು ವಾಡಿ, ಚಿತ್ತಾಪುರಗಳ ಕಡೆಯವರು ಕೇಳಿದರೆ, ಹಾಸಿದ್ದು ಕಲ್ಲೆಂದು ಒಡನೆಯೇ ತಿಳಿಯುವರು. ವಾಡಿಯ ನೆರೆಯ ಶಹಾಬಾದಿನ ಹೆಸರು ಅಲ್ಲಿಯ ಸುಣ್ಣಗಲ್ಲಿನ ಹಾಸುಬಂಡೆಗೂ ಸಂದಿರುವುದು. ಆದರೆ ಲೋಕಪರಿಚಯವಿಲ್ಲದೆ, ಬರಿಯ ಬರಹಗಳನ್ನೋದಿ ಸಂಗತಿಗಳನ್ನು ಗ್ರಹಿಸಬೇಕಾದ ಗಣಕಯಂತ್ರಕ್ಕೆ ಊರಾವುದು ಕಲ್ಲಾವುದು ಎಂಬ ವಿವೇಕವು ಹೇಗೆ ಬರಬೇಕು?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಮಿಚೆಲ್ ಮತ್ತು ಅವರ ಸಹಕಾರಿಗಳು 2010ರ ಜನವರಿಯಲ್ಲಿ ‘ನೆಲ್’ ಎಂಬ ಗಣಕವ್ಯವಸ್ಥೆಯನ್ನು ಓದಲು ಹಚ್ಚಿದರು. ಊರು, ನದಿ, ಸಂಸ್ಥೆ ಮೊದಲಾದ ವರ್ಗಗಳನ್ನು ಗೊತ್ತುಮಾಡಿ, ಒಂದೊಂದಕ್ಕೆ ಹತ್ತು ಹದಿನೈದು ನಿದರ್ಶನಗಳನ್ನು ಮಾತ್ರ ಕೊಟ್ಟರು. ಅಂತರ್ಜಾಲದ ಇಂಗ್ಲಿಷು ಬರಹಗಳನ್ನು ಹಗಲಿರುಳೂ ಓದುತ್ತ ಮಿಕ್ಕುದನ್ನು ಅದು ತಾನೇ ಕಲಿಯಬೇಕಾಗಿದ್ದಿತು. ಅದರ ಕ್ರಮವನ್ನು ಕನ್ನಡದಲ್ಲಿ ಹೀಗೆ ತೋರಿಸಬಹುದು: ವಾಡಿಯು ಊರೆಂದು ಬಲ್ಲ ಯಂತ್ರವು ‘ವಾಡಿ ಎಂಬ ಊರು’ ಎಂಬ ಪ್ರಯೋಗವನ್ನು ಕಂಡು ಆ ವಾಕ್ಯರೀತಿಯನ್ನು ಹಿಡಿಯುವುದು, ಮುಂದೆ ‘ಸನ್ನತಿ ಎಂಬ ಊರು’ ಎಂದು ಓದಿದಾಗ ಸನ್ನತಿಯನ್ನೂ ಊರುಗಳ ಪಟ್ಟಿಗೆ ಸೇರಿಸುವುದು.

67 ದಿನಗಳಲ್ಲಿ ನೆಲ್ ಸುಮಾರು 2,42,000 ಸಂಗತಿಗಳನ್ನು ಸಂಗ್ರಹಿಸಿತು. ಅವುಗಳಲ್ಲಿ ನೂರಕ್ಕೆ 74ರಷ್ಟು ಸರಿಯೆಂದು ಅಂದಾಜಾಯಿತು. ಮೊದಲ ಭಾಗದಲ್ಲಿ ಈ ಪ್ರಮಾಣವು 90 ಇದ್ದು, ಕಡೆಯ ಭಾಗದಲ್ಲಿ 57ಕ್ಕೆ ಇಳಿಯಿತು. ಕಲಿತುದೇ ಮುಂದಿನ ಕಲಿಕೆಗೆ ಬೀಜವಾಗುವುದರಿಂದ ಒಂದು ತಪ್ಪು ಹತ್ತನ್ನು ಹುಟ್ಟಿಸುವುದು. ‘ಕುಕಿ’ ಎಂಬುದು ಇಂಗ್ಲಿಷಿನಲ್ಲಿ ಒಂದು ತಿನಿಸಿಗೂ ಗಣಕದ ಒಂದು ಕಡತಕ್ಕೂ ಹೆಸರು. ಇದನ್ನರಿಯದ ನೆಲ್ ಒಮ್ಮೆ ಗಣಕದ ಕಡತಗಳನ್ನೇ ತಿನಿಸುಗಳೊಡನೆ ಸೇರಿಸಿತು, ಮನುಷ್ಯರೇ ತಿದ್ದಬೇಕಾಯಿತು. ಬೇರೆ ಬೇರೆ ವಿಧಾನಗಳು ಸ್ವತಂತ್ರವಾಗಿ ಒಂದೇ ನಿರ್ಣಯಕ್ಕೆ ಬಂದಾಗ ಹೆಚ್ಚು ನಂಬುವುದೇ ಇಂಥ ದೋಷಕ್ಕೆ ಅದರ ನಿರ್ಮಾಪಕರು ಕಂಡ ಪ್ರಧಾನ ಪರಿಹಾರ.

ಈ ತೊಡಕು ಸಾಹಿತ್ಯಾಭ್ಯಾಸಿಗಳಿಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವನ್ನು 1898ರಲ್ಲಿ ಕೆ. ಬಿ. ಪಾಠಕರು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಅನೇಕರು ಹಾಗೆಯೇ ಬರೆದರು. ಗ್ರಂಥದ ಒಳಸಾಕ್ಷ್ಯಗಳನ್ನು ಪರಿಶೀಲಿಸಿದ ವಿದ್ವಾಂಸರಲ್ಲಿ ಬಹುಮಂದಿ ಕರ್ತೃವು ಶ್ರೀವಿಜಯನೆಂದೂ, ನೃಪತುಂಗನದು ಅನುಮತವೆಂದೂ ಒಪ್ಪಿರುವರು. ಹೇಳಿಕೆಗಳನ್ನು ಎಣಿಸುವುದಷ್ಟನ್ನೇ ಬಲ್ಲ ಯಂತ್ರಕ್ಕೆ ಈ ಭೇದವು ತಿಳಿಯದು. ನೂರು ಪುಸ್ತಕಗಳು ಒಂದೇ ಮೂಲವನ್ನು ಅನುಸರಿಸಿದ್ದರೆ ಸಾಕ್ಷಿಯು ನೂರಲ್ಲ, ಒಂದೇ. ಈಗ ಯಂತ್ರಗಳು ಕನ್ನಡವನ್ನೂ ಓದುತ್ತಿರುವುದರಿಂದ, ನಾವು ಬರೆಯುವ ಪ್ರತಿಯೊಂದು ಸಂಗತಿಗೂ ಆಧಾರವನ್ನು ಸ್ಪಷ್ಟವಾಗಿ ಕಾಣಿಸುವುದು ಹಿಂದಿಗಿಂತಲೂ ಅವಶ್ಯವಾಗಿದೆ.