ಕಾಸಿನ ಸುತ್ತ ಕೂತವರು

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ನಾಣ್ಯವನ್ನು ಪೂರ್ತಿ ಓದುವುದು ಒಬ್ಬರ ಕೆಲಸವಲ್ಲ. ಕೆಲವು ಅಚ್ಚುಗಳಲ್ಲಿ ಮೂರು ಲಿಪಿಗಳಿವೆ: ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ, ಬೆಲೆ ಇಂಗ್ಲಿಷ್‌ನಲ್ಲಿ, ಟಂಕಿಸಿದ ಊರು ಪರ್ಷಿಯನ್‌ನಲ್ಲಿ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ತಿಂಗಳಿಗೊಂದು ಭಾನುವಾರ ನಾಣ್ಯ ಸಂಗ್ರಾಹಕರು ಕೂಡುವ ಕೋಣೆಯಿದೆ. ಅಲ್ಲಿಗೆ ಇಂಥ ಕಾಸು ಬಂದರೆ ಕೈಯಿಂದ ಕೈಗೆ ದಾಟುತ್ತದೆ. ಸವೆದ ಕನ್ನಡ ಅಕ್ಷರಗಳನ್ನು ನಿವೃತ್ತ ಹೈಸ್ಕೂಲು ಮೇಷ್ಟ್ರು ಭೂತಗನ್ನಡಿ ಹಿಡಿದು ಬಿಡಿಸುತ್ತಾರೆ. ಪರ್ಷಿಯನ್ ಭಾಗ ಶಿವಾಜಿನಗರದಲ್ಲಿ ವಾಚ್ ರಿಪೇರಿ ಮಾಡುವ ಸಾಹೇಬರದು. ತೂಕ ಸರಿಯಿದೆಯೇ, ಅಚ್ಚೊತ್ತಿದ್ದೋ ಎರಕ ಹೊಯ್ದದ್ದೋ ಎಂದು ಹೇಳಬೇಕಾದವರು ಅಕ್ಕಸಾಲಿಗರೊಬ್ಬರು. ಕಾಸನ್ನು ಬೆರಳ ತುದಿಯಲ್ಲಿ ನಿಲ್ಲಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿ, ಸದ್ದು ಕೇಳಿಸಿಕೊಂಡು ತಲೆಯಾಡಿಸುತ್ತಾರೆ. ಅಷ್ಟಾದ ಮೇಲೆ ಕಾಫಿ.

ನಾಣ್ಯ ಕೂಡಿಡುವವರೆಂದರೆ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವವರು ಎಂದು ಬಹಳ ಜನ ತಿಳಿದಿದ್ದಾರೆ. ಈ ಕೋಣೆಗೆ ಹೋಗಿಬರುವ ನನಗೆ ಅದು ನಿಜವೆನಿಸುವುದಿಲ್ಲ. ಕೂಡಿಡುವುದನ್ನು ಒಬ್ಬರೇ ಮಾಡಬಹುದು, ತಿಳಿಯುವುದಕ್ಕೆ ಮಾತ್ರ ಇನ್ನೊಬ್ಬರು ಬೇಕೇ ಬೇಕು. ನಾಣ್ಯದ ವಿದ್ಯೆ ಲಿಪಿ, ಲೋಹ, ಇತಿಹಾಸ, ಲೆಕ್ಕ ಎಂದು ಹಂಚಿಹೋಗಿರುವುದರಿಂದ ಎಷ್ಟೇ ತಿಳಿದವರೂ ಪಕ್ಕದವರನ್ನು ಕೇಳಲೇಬೇಕು. ಹಾಗೆ ಕೇಳಿ ಕೇಳಿ ಬೆಳೆದ ಸಲಿಗೆಯೇ ಇಲ್ಲಿನ ಸ್ನೇಹ.

ಟಿಪ್ಪುವಿನ ತಾಮ್ರದ ಕಾಸುಗಳನ್ನೇ ನೋಡಿ. ಒಂದು ಮಗ್ಗುಲಲ್ಲಿ ಆನೆ. ಕೆಲವುಗಳಲ್ಲಿ ಎಡಕ್ಕೆ ಮುಖ, ಕೆಲವುಗಳಲ್ಲಿ ಬಲಕ್ಕೆ. ಇನ್ನೊಂದು ಮಗ್ಗುಲಲ್ಲಿ ಟಂಕಸಾಲೆಯ ಹೆಸರು: ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು. ಆಳ್ವಿಕೆಯ ನಡುವೆ ಟಿಪ್ಪು ಮೌಲೂದಿ ಎಂಬ ಹೊಸ ಕಾಲಗಣನೆಯನ್ನು ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹೊಸದಾಗಿ ಬಂದವರು ಎಡದಿಂದ ಓದಿ, ಎಲ್ಲಿಯದೋ ಇಸವಿ ಬಂದು ಕಕ್ಕಾಬಿಕ್ಕಿಯಾದಾಗ ಸಾಹೇಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬರುತ್ತಾರೆ. ನಾಣ್ಯಗಳಿಗೆ ಟಿಪ್ಪು ಇಟ್ಟ ಹೆಸರುಗಳನ್ನೂ ವಿವರಿಸುತ್ತಾರೆ: ಪೈಸೆಗೆ ಜೊಹ್ರಾ ಎಂದು ಶುಕ್ರಗ್ರಹದ ಹೆಸರು, ಅರ್ಧಕ್ಕೆ ಬಹ್ರಾಮ್ ಎಂದು ಮಂಗಳನದು, ಕಾಲಿಗೆ ಅಖ್ತರ್, ಅದರರ್ಧಕ್ಕೆ ಕುತ್ಬ್, ಅಂದರೆ ಧ್ರುವ. ಆಕಾಶವನ್ನೇ ಚಿಲ್ಲರೆಗೆ ಇಳಿಸಿದ ದೊರೆ ಎಂದು ಅವರು ಹೇಳುವಾಗ ಮುಖದಲ್ಲಿ ಹೆಮ್ಮೆಯಿರುತ್ತದೆ.

ಈ ನಾಲ್ಕನ್ನೂ ಜೋಡಿಸಬೇಕೆಂದು ಆಟೊ ಓಡಿಸುವ ಒಬ್ಬರು ಬಹಳ ಕಾಲ ಹುಡುಕುತ್ತಿದ್ದರು. ಮೂರು ಸಿಕ್ಕಿದ್ದವು, ಕುತ್ಬ್ ಸಿಕ್ಕಿರಲಿಲ್ಲ. ಆ ನಡುವೆ ಅವರ ಮಗಳು ಆಸ್ಪತ್ರೆ ಸೇರಿದಳು. ಎರಡು ಸಭೆಗೆ ಅವರು ಬರಲಿಲ್ಲ. ಮೂರನೆಯದಕ್ಕೆ ಬಂದವರು ಬಾಗಿಲ ಹತ್ತಿರವೇ ಕೂತರು. ಸಾಹೇಬರು ಎದ್ದು ಹೋಗಿ ಅವರ ಅಂಗೈಯಲ್ಲಿ ಒಂದು ಪುಟ್ಟ ಕಾಗದದ ಪೊಟ್ಟಣ ಇಟ್ಟರು. ‘ಎಷ್ಟು ಸಾಹೇಬ್ರೆ?’ ಎಂದರೆ, ‘ಮಗಳು ಮನೆಗೆ ಬರ್ಲಿ, ಆಮೇಲೆ ಮಾತಾಡೋಣ’ ಎಂದರು. ಮಗಳು ಮನೆಗೆ ಬಂದಳು. ದುಡ್ಡಿನ ಮಾತು ಮಾತ್ರ ಆಮೇಲೆ ಬರಲೇ ಇಲ್ಲ.

ದುಃಖದಲ್ಲಿರುವವರನ್ನು ಈ ಜನ ನಡೆಸಿಕೊಳ್ಳುವ ರೀತಿಯನ್ನು ನಾನೂ ಕಂಡಿದ್ದೇನೆ. ನನ್ನ ತಂದೆ ತೀರಿಕೊಂಡ ಮೇಲೆ ನೆಂಟರ ಮುಂದೆ, ಕಚೇರಿಯಲ್ಲಿ, ಎಲ್ಲೆಡೆ ಅದೇ ಮಾತು: ಹೇಗಾಯ್ತು, ಎಷ್ಟು ದಿನದಿಂದ ಹುಷಾರಿರಲಿಲ್ಲ, ನಿಮ್ಮ ತಾಯಿ ಹೇಗಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು, ಉತ್ತರಿಸುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಈ ಕೋಣೆಯಲ್ಲಿ ಮೇಷ್ಟ್ರು ಭುಜದ ಮೇಲೊಮ್ಮೆ ಕೈಯಿಟ್ಟರು. ಆಮೇಲೆ ಹಳೆಯ ಪೈಸೆಗಳು ತುಂಬಿದ ತಟ್ಟೆಯೊಂದನ್ನು ನನ್ನ ಮುಂದೆ ಸರಿಸಿ, ‘ಇದನ್ನ ಟಂಕಸಾಲೆವಾರು ಬೇರೆ ಮಾಡಿಕೊಡಪ್ಪ’ ಎಂದರು.

ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದು. ವಜ್ರದಾಕಾರವಿದ್ದರೆ ಮುಂಬಯಿ. ದುಂಡು ಚುಕ್ಕಿಯಿದ್ದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಹೇಳುವಾಗ ಸುಲಭ, ಸವೆದ ಅಲ್ಯುಮಿನಿಯಂ ಪೈಸೆಯ ಮೇಲೆ ಹುಡುಕುವಾಗ ಇಡೀ ಗಮನವನ್ನು ಅಲ್ಲಿಯೇ ಇಡಬೇಕು. ಅಷ್ಟು ಹೊತ್ತು ಬೇರೇನೂ ನೆನಪಾಗುವುದಿಲ್ಲ. ಎದುರಿಗೆ ಕೂತವರು ಇನ್ನೊಂದು ತಟ್ಟೆ ಹಿಡಿದು ಅದನ್ನೇ ಮಾಡುತ್ತಿರುತ್ತಾರೆ. ನಡುನಡುವೆ ‘ಇದು ನಕ್ಷತ್ರಾನಾ, ಕೊಳೇನಾ ನೋಡಿ’ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾನಾಗಿಯೇ ಅಪ್ಪನ ವಿಷಯ ಎತ್ತಿದೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತಲ್ಲ, ಆ ಲೆಕ್ಕವನ್ನು ಊರ ಅಂಗಡಿಯಲ್ಲಿ ಅಜ್ಜನಿಗೆ ಕಲಿಸಿದವರು ಬಾಲಕನಾಗಿದ್ದ ಅಪ್ಪ. ಒಂದಾಣೆಗೆ ಆರು ಕಾಲು ಪೈಸೆ. ಆ ಕಾಲು ಪೈಸೆ ಯಾರ ಪಾಲಿಗೆ ಎಂದು ಗಿರಾಕಿಗಳೊಂದಿಗೆ ಜಗಳವಾಗುತ್ತಿತ್ತಂತೆ. ಮೇಜಿನ ಸುತ್ತ ಇದ್ದ ಹಿರಿಯರಿಗೆಲ್ಲ ಅಂಥದೇ ಒಂದು ಕಥೆ ನೆನಪಾಯಿತು. ಅಪ್ಪ ಸತ್ತ ಬಗೆಯನ್ನು ಬಿಟ್ಟು ಬದುಕಿದ ಬಗೆಯನ್ನು ನಾನು ಆಡಿದ್ದು ಅವತ್ತೇ ಮೊದಲು.

ಸಂಗ್ರಾಹಕರು ತೀರಿಕೊಂಡಾಗ ಅವರ ಮನೆಗೆ ಬರುವ ಕಷ್ಟ ಬೇರೆ ಬಗೆಯದು. ಹೊರಗಿನವರಿಗೆ ಅದರ ಅಂದಾಜು ಸಿಗುವುದಿಲ್ಲ. ಅಲ್ಮೆರಾದ ತುಂಬ ಆಲ್ಬಮ್‌ಗಳು, ಬಿಸ್ಕತ್ತಿನ ಡಬ್ಬಗಳು; ಯಾವುದರ ಬೆಲೆ ಎಷ್ಟು, ಯಾವುದು ಎಲ್ಲಿಂದ ಬಂತು ಎಂಬುದೆಲ್ಲ ಹೋದವರ ತಲೆಯಲ್ಲಿತ್ತು. ಸಾವಿನ ಸುದ್ದಿ ಕೇಳಿ ಬೇಗನೆ ಬಾಗಿಲು ತಟ್ಟುವ ವ್ಯಾಪಾರಿಗಳೂ ಇದ್ದಾರೆ; ಬೆಳ್ಳಿಯನ್ನು ತೂಕಕ್ಕೆ, ತಾಮ್ರವನ್ನು ಕಿಲೋ ಲೆಕ್ಕಕ್ಕೆ ಕೇಳುತ್ತಾರೆ. ಹಾಗಾಗಿ ಈ ಬಳಗದಲ್ಲಿ ಬರೆದಿಡದ ಒಂದು ಕ್ರಮವಿದೆ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ, ಮುಸ್ಲಿಮರ ಮನೆಯಾದರೆ ನಲವತ್ತು ಕಳೆದ ಮೇಲೆ, ಇಬ್ಬರು ಹೋಗುತ್ತಾರೆ. ಇಬ್ಬರೇ ಏಕೆಂದರೆ ಒಬ್ಬರ ಮಾತಿಗೆ ಇನ್ನೊಬ್ಬರು ಸಾಕ್ಷಿ. ಅವರು ಏನನ್ನೂ ಕೊಳ್ಳುವಂತಿಲ್ಲ. ಪಟ್ಟಿ ಮಾಡಿ, ಮಾರುಕಟ್ಟೆಯ ಅಂದಾಜು ಬರೆದು, ಮನೆಯವರ ಕೈಗೆ ಕೊಟ್ಟು ಬರುತ್ತಾರೆ. ಈ ಹವ್ಯಾಸದಲ್ಲಿ ನಾನು ಕಂಡ ಅತಿ ದೊಡ್ಡ ಮಾನವಂತಿಕೆ ಇದು.

2021ರ ಕೊರೊನಾ ಎರಡನೇ ಅಲೆಯ ಮೇಲೆ ಹೀಗೆ ಹೋಗಬೇಕಾಗಿ ಬಂದ ಮನೆಗಳಲ್ಲಿ ಒಂದು ಮಲ್ಲೇಶ್ವರದ ಕಡೆಯದು. ಆ ಮನೆಯಾಕೆಗೆ ಗಂಡನ ನಾಣ್ಯಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ರಜಾದಿನಗಳನ್ನೆಲ್ಲ ತಿಂದ ವಸ್ತುಗಳು, ಬೇಗ ಸಾಗಹಾಕಿದರೆ ಸಾಕು ಎಂದಿದ್ದರು. ಪಟ್ಟಿ ಮಾಡುವಾಗ ಕಂಠೀರವ ನರಸರಾಜ ಒಡೆಯರ ಕಾಲದ ಚಿನ್ನದ ಹಣವೊಂದು ಸಿಕ್ಕಿತು. 1638ರಿಂದ 1659ರವರೆಗೆ ಆಳಿದ ಆ ದೊರೆಯ ‘ಕಂಠೀರಾಯಿ ಹಣ’ ಅರ್ಧ ಗ್ರಾಂ ಕೂಡ ತೂಗದಷ್ಟು ಸಣ್ಣದು, ಅದರ ಮೇಲೆ ನರಸಿಂಹನ ಚಿತ್ರ. ಹಿಂದಿನ ಕಾಲದ ವರ್ತಕರು ಇಂಥ ಹಣಗಳನ್ನು ಬೆರಳಿಂದ ಎಣಿಸಲಾಗದೆ, ಸಾಲಾಗಿ ಗುಳಿ ಕೊರೆದ ಮರದ ಹಲಗೆಯ ಮೇಲೆ ಹರಡಿ ಎಣಿಸುತ್ತಿದ್ದರು. ಆ ಮನೆಯಲ್ಲಿ ಸಿಕ್ಕ ಹಣವನ್ನು ಸುತ್ತಿಟ್ಟಿದ್ದ ಚೀಟಿಯಲ್ಲಿ ಆಕೆಯ ಹೆಸರಿತ್ತು, ಮದುವೆಯ ಇಪ್ಪತ್ತೈದನೆಯ ವರ್ಷದ ತಾರೀಖಿತ್ತು. ಗಂಡ ಕೊಡಬೇಕೆಂದು ತಂದು, ಯಾಕೋ ಕೊಡದೆ ಉಳಿಸಿದ್ದರು.

ಪಟ್ಟಿ ಮುಗಿಸಲು ಹಲವು ವಾರ ಹಿಡಿಯಿತು. ಅಷ್ಟರಲ್ಲಿ ಆಕೆ ಪ್ರತಿಯೊಂದನ್ನೂ ‘ಇದೇನು’ ಎಂದು ಕೇಳತೊಡಗಿದ್ದರು. ಹೈದರಾಲಿಯ ವರಹದ ಮೇಲೆ ಶಿವಪಾರ್ವತಿಯರು ಯಾಕೆ ಎಂದು ಅವರು ಕೇಳಿದ ಪ್ರಶ್ನೆಗೆ ಮೇಷ್ಟ್ರು ಅರ್ಧ ಗಂಟೆ ಉತ್ತರ ಕೊಟ್ಟರಂತೆ: 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಇಕ್ಕೇರಿಯ ನಾಯಕರ ವರಹವನ್ನು ಜನ ನಂಬಿದ್ದರಿಂದ ಆ ದೇವರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ಆಕೆ ಈಗ ಸಭೆಗೆ ತಪ್ಪದೆ ಬರುತ್ತಾರೆ. ಎಲ್ಲರೂ ಅಕ್ಕ ಎನ್ನುತ್ತಾರೆ. ಸಂಗ್ರಹದ ಬಹುಪಾಲನ್ನು ಮಾರಿ ಮಗನ ಓದಿಗೆ ಹಾಕಿದರು, ಅದು ಸರಿಯಾದ ನಿರ್ಧಾರವೇ. ಉಳಿಸಿಕೊಂಡದ್ದು ಕೆಲವನ್ನು ಮಾತ್ರ. ಹೆಂಗಸರು ಈ ಮೇಜಿಗೆ ಬರುವುದು ಇವತ್ತಿಗೂ ತೀರ ಕಡಿಮೆ. ಅದು ಬದಲಾಗಲೇಬೇಕು.

ಯಶವಂತಪುರದಿಂದ ಬರುವ ಒಬ್ಬ ಹುಡುಗನ ಬಗ್ಗೆಯೂ ಹೇಳಬೇಕು. ತಾಯಿ ಕರೆದುಕೊಂಡು ಬಂದಾಗ ಹತ್ತನೇ ತರಗತಿ. ಶಾಲೆಯಲ್ಲಿ ಯಾರೊಂದಿಗೂ ಮಾತಿಲ್ಲ ಎಂಬುದು ಅವರ ಕೊರಗು. ಕೆಲವು ಸಭೆಗಳಲ್ಲಿ ಅವನು ಸುಮ್ಮನೆ ನೋಡಿದ. ಒಂದು ದಿನ ಯಾರೋ, 1891ರಲ್ಲಿ ಯಶವಂತಪುರದ ರೈಲು ಕಾಮಗಾರಿಯಲ್ಲಿ ಮಣ್ಣಿನ ಮಡಕೆಯೊಂದು ಸಿಕ್ಕಿ ಅದರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳಿದ್ದವು, ಅಗಸ್ಟಸ್, ಟೈಬೀರಿಯಸ್ ಮುಂತಾದ ಚಕ್ರವರ್ತಿಗಳವು, ಎಂದರು. ಹುಡುಗ ತಲೆಯೆತ್ತಿ, ‘ನಮ್ಮ ಸ್ಟೇಷನ್ನಲ್ಲಾ ಸರ್?’ ಎಂದ. ದಿನವೂ ದಾಟುವ ಹಳಿಯ ಕೆಳಗೆ ರೋಮ್ ಇತ್ತೆಂದು ತಿಳಿದರೆ ಯಾರು ಸುಮ್ಮನಿರುತ್ತಾರೆ? ಈಗ ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಫೋಟೊ ಇಟ್ಟುಕೊಂಡು, ‘ತಳಕಾಡುಗೊಂಡ’, ‘ನೊಣಂಬವಾಡಿಗೊಂಡ’ ಎಂಬ ಹಳಗನ್ನಡ ಅಕ್ಷರಗಳನ್ನು ಹೊಸಬರಿಗೆ ಓದಿಸುವವನು ಅವನೇ.

ಈ ಬಳಗಕ್ಕೆ ಹೊರಗಿನಿಂದ ಬರುವ ದೊಡ್ಡ ಪೆಟ್ಟು ದುರಾಸೆಯದು. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಟ್ಟಲೆ ಬೆಲೆ ಎಂಬ ಸುಳ್ಳು ಫೋನಿನಿಂದ ಫೋನಿಗೆ ಹರಿದಾಡುತ್ತದೆ. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ ಎಂದು ಬಡವರಿಂದಲೇ ಹಣ ಕೀಳುತ್ತಾರೆ. ಇಂಥ ಕೊಡುಗೆಗಳನ್ನು ನಂಬಬೇಡಿ, ನಮ್ಮ ಹೆಸರು ಬಳಸಿ ಶುಲ್ಕ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ದುಡ್ಡು ಕಳೆದುಕೊಂಡು ಬಂದವರನ್ನು ಕೂರಿಸಿ, ಅವರ ನಾಣ್ಯದ ನಿಜವಾದ ಬೆಲೆ ಹೇಳಿ, ಪೊಲೀಸರಿಗೆ ದೂರು ಬರೆಯಲು ನೆರವಾಗುವ ಕೆಲಸವೂ ಈಗ ಸಭೆಯ ಪಾಲಿಗೆ ಬಂದಿದೆ.

ಇದನ್ನು ಓದುವವರ ಮನೆಯಲ್ಲೂ ಎಲ್ಲೋ ಒಂದು ಡಬ್ಬ ಇರಬಹುದು: ದೇವರ ಕೋಣೆಯಲ್ಲಿ, ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನಲ್ಲಿ. ಅದರೊಳಗಿನ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹೊಳಪಿನೊಂದಿಗೆ ಅಕ್ಷರವೂ ಬೆಲೆಯೂ ಹೋಗುತ್ತವೆ. ಹೊಲದಲ್ಲೋ ಪಾಯ ತೋಡುವಾಗಲೋ ನಿಧಿ ಸಿಕ್ಕಿದರೆ ಮುಚ್ಚಿಡಬೇಡಿ, ಕಾನೂನಿನ ಪ್ರಕಾರ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ಉಡುಪಿಗೆ ಹೋದಾಗ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ, 2020ರಲ್ಲಿ ವಿಲೀನಗೊಂಡ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ನಾಣ್ಯ ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಿ. ಬೆಂಗಳೂರಿನಲ್ಲಿ ಕನ್ನಡ ನಾಣ್ಯ ಸಂಘ ನಡೆಸುತ್ತ ಬಂದಿರುವ ‘ನಾಣ್ಯದರ್ಶಿನಿ’ಯಂಥ ಪ್ರದರ್ಶನ ನಡೆದಾಗ, ಡಬ್ಬದಿಂದ ನಾಲ್ಕು ಕಾಸು ಜೇಬಿಗೆ ಹಾಕಿಕೊಂಡು ಹೋಗಿ. ಯಾರನ್ನಾದರೂ ನಿಲ್ಲಿಸಿ, ಇದೇನು ಎಂದು ಕೇಳಿ. ಮನೆಯಲ್ಲಿ ಒಬ್ಬರೇ ಕೂತು ಬೇಸತ್ತ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.